ಹಂಚಿನ ಮಾಡಿನ ಕೆಳಗೆ ಕೂತು ಮಹಾಯುದ್ಧ ಓದಿದ್ದು

ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ಮೊನ್ನೆ ಬಂಟ್ವಾಳದ ಅಜ್ಜಿಮನೆಯ ಜಗಲಿಯಲ್ಲಿ ಮೊದಲ ಮಹಾಯುದ್ಧ ಓದುತ್ತಿದ್ದಳು. ಸರಾಯೆವೊ, 1914, ಆಸ್ಟ್ರಿಯಾದ ರಾಜಕುಮಾರನ ಕೊಲೆ, ಎಲ್ಲ ಬಾಯಿಪಾಠ. ಪುಸ್ತಕ ಮುಚ್ಚಿ ಕೇಳಿದಳು, "ಅಮ್ಮಾ, ಅಲ್ಲೆಲ್ಲೋ ಯಾರನ್ನೋ ಕೊಂದರೆ ನಮಗೇನು?"

ತಲೆ ಎತ್ತಿ ಹಂಚಿನ ಮಾಡು ನೋಡು ಅಂದೆ.

ಆ ಮನೆಯ ಹಂಚು ಬಾಸೆಲ್ ಮಿಷನ್ನಿನದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಜರ್ಮನರೇ ಜಾಸ್ತಿ. ಕ್ರೈಸ್ತರಾದವರನ್ನು ಜಾತಿಯವರು ಹೊರಗಿಟ್ಟರು. ಮನೆಯೂ ಹೋಯಿತು, ಕಸುಬೂ ಹೋಯಿತು. ಅವರ ಹೊಟ್ಟೆಪಾಡಿಗೆಂದು ನೇಯ್ಗೆ ಶುರುವಾಯಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಯುದ್ಧ ಬಂದಾಗ ಬ್ರಿಟಿಷರಿಗೆ ಜರ್ಮನರು ಶತ್ರುಗಳಾದರು. ಮಿಷನರಿಗಳನ್ನು ಬಂಧಿಸಿದರು, ಕಾರ್ಖಾನೆಗಳು ಮಿಷನ್ನಿನ ಕೈ ತಪ್ಪಿದವು. ಸರಾಯೆವೊದಲ್ಲಿ ಹಾರಿದ ಗುಂಡು ಜೆಪ್ಪುವಿಗೂ ತಾಗಿತು.

ಪ್ರಪಂಚದ ಇತಿಹಾಸವನ್ನು ಹೀಗೆ ಒಂದು ಸೀಮೆಯಿಂದ, ಅಲ್ಲಿಯ ಜನರಿಂದ, ಅವರ ಧರ್ಮಗಳಿಂದ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮಗೆ ಕರಾವಳಿಯೇ ಸಾಕು.

12ನೇ ಶತಮಾನ ತಗೊಳ್ಳಿ. ಟ್ಯುನೀಷಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಯೆಮೆನ್‌ನ ಏಡನ್ ಬಂದರಿನ ಮೂಲಕ ಬಂದು ಹಲವು ವರ್ಷ ಮಂಗಳೂರಿನಲ್ಲಿದ್ದ. ಇಲ್ಲಿಂದ ಕಾಳುಮೆಣಸು, ಅಡಿಕೆ ಕಳಿಸುತ್ತಿದ್ದ. ಏಡನ್‌ನಿಂದ ಹಳೇ ಕಂಚಿನ ಪಾತ್ರೆ ಬರುತ್ತಿತ್ತು, ಕರಗಿಸಿ ಹೊಸದು ಮಾಡಿಸಿಕೊಡಲು. ಜೊತೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ. ಅವನ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವು ಉಳಿದದ್ದು ಕೈರೋದ ಯಹೂದಿ ಪ್ರಾರ್ಥನಾ ಮಂದಿರದಲ್ಲಿ. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದು ಎಂದು ಅಲ್ಲಿ ಎಲ್ಲವನ್ನೂ ಕೂಡಿಡುತ್ತಿದ್ದರು. ಆ ಒಂದು ಆಚಾರ ಇಲ್ಲದಿದ್ದರೆ ಮಂಗಳೂರಿನ ಈ ಕಥೆ ನಮಗೆ ಸಿಗುತ್ತಲೇ ಇರಲಿಲ್ಲ, ಅಲ್ವಾ? ಧರ್ಮವನ್ನು ಕಲಿಸಬೇಕಾದದ್ದು ಹೀಗೆ. ಸ್ಥಾಪಕ ಯಾರು, ಗ್ರಂಥ ಯಾವುದು ಎಂದು ಎರಡು ಅಂಕಕ್ಕೆ ಕೇಳಿ ಬಿಟ್ಟರೆ ಏನೂ ತಿಳಿಯುವುದಿಲ್ಲ.

ಹಾಗಂತ ಚೆಂದದ್ದನ್ನು ಮಾತ್ರ ಆರಿಸಬಾರದು. 1560ರಲ್ಲಿ ಗೋವಾದಲ್ಲಿ ಪೋರ್ಚುಗೀಸರ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರೆಂದು ಜನರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಶುರುವಾಯಿತು. ಮುಂದೆ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. 1784ರಲ್ಲಿ ಟಿಪ್ಪು ಇಲ್ಲಿಯ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಆ ಮನೆತನಗಳ ಮಕ್ಕಳು, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮಕ್ಕಳು, ಜೈನರ ಮಕ್ಕಳು ಇವತ್ತು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಟೀಚರ್‌ಗೆ ಕಷ್ಟ, ನಿಜ. ಆದರೆ ತರಗತಿಯಲ್ಲಿ ಹೇಳದೆ ಬಿಟ್ಟದ್ದನ್ನು ಮಕ್ಕಳು ವಾಟ್ಸಾಪಿನಲ್ಲಿ ಅರ್ಧಂಬರ್ಧ ಕಲಿಯುತ್ತಾರೆ, ಅದೂ ಸಿಟ್ಟಿನ ಜೊತೆ.

ಊರಿನಿಂದ ಶುರು ಮಾಡಿದರೆ ಊರಲ್ಲೇ ನಿಂತುಬಿಡುತ್ತಾರೆ ಎಂದು ಗೆಳತಿಯೊಬ್ಬಳು ಅಂದಳು. ನನಗೆ ಹಾಗನ್ನಿಸಲಿಲ್ಲ. ಮಗಳು ಆ ಸಂಜೆ ಅಟ್ಲಾಸ್ ತೆಗೆದು ಮೊದಲು ಬಾಸೆಲ್ ಹುಡುಕಿದಳು. ಆಮೇಲೆ ಏಡನ್. ಆಮೇಲೆ, ನಾನು ಹೇಳದೆಯೇ, ಸರಾಯೆವೊ.

ಬೀದರಿನವರಿಗೆ ಇರಾನಿನ ಗೀಲಾನಿನಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗಾವಾನನ ಮದರಸಾ ಇದೆ. ನಿಮ್ಮೂರಲ್ಲಿ ಏನಿದೆ? ಬರೀರಿ, ಮಕ್ಕಳ ಜೊತೆ ಕೂತು ಓದ್ತೀನಿ.