ಉರಿಯುವ ಕೆನ್ನೆಗೆ ಉಪದೇಶದ ಲೇಪ

ಕ್ಷೌರದ ನಂತರ ಗದ್ದದ ಕೆಳಗೆ ಏಳುವ ಕೆಂಪು ಗುಳ್ಳೆಗಳಿಗೆ ಒಂದು ವಿಶೇಷ ಶಕ್ತಿಯಿದೆ; ಅವು ಕಣ್ಣಿಗೆ ಬಿದ್ದೊಡನೆ ಮನೆಮಂದಿಯೆಲ್ಲ ವೈದ್ಯರಾಗಿಬಿಡುತ್ತಾರೆ. ನನ್ನ ಕತ್ತಿನ ಅವಸ್ಥೆಯನ್ನು ಕಂಡ ಭಾವನವರು ಆಫ್ಟರ್‌ಶೇವ್ ಸೀಸೆಯನ್ನೇ ಹಿಡಿದು ಬಂದರು. ಉರಿದರೆ ಮದ್ದು ಹತ್ತಿತೆಂದೇ ಅರ್ಥ ಎಂಬುದು ಅವರ ಸಿದ್ಧಾಂತ. ಅಂಗೈಗೆ ಸುರಿದು ಕೆನ್ನೆಗೆ ತಟ್ಟಿದ್ದೇ ತಡ, ನಾನು ಕಣ್ಣು ಬಿಗಿಹಿಡಿದು, ಹಲ್ಲು ಕಚ್ಚಿ ಬಚ್ಚಲಮನೆಯ ತುಂಬ ಕುಣಿದಾಡಿದೆ. ಭಾವನವರು ಪರಮತೃಪ್ತಿಯಿಂದ ತಲೆಯಾಡಿಸಿದರು.

ಆ ಕುಣಿತಕ್ಕೆ ಕಾರಣ ಬೇರೆಯೇ ಇದೆ. ಸುಮಾರು 42 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಬಿಸಿಯ ಸುದ್ದಿ ಮುಟ್ಟಿಸಬೇಕಾದ ನರತುದಿಯ ಗ್ರಾಹಕವೊಂದು, ಆಫ್ಟರ್‌ಶೇವ್‌ನಲ್ಲಿರುವ ಆಲ್ಕೋಹಾಲ್ ತಾಗಿದೊಡನೆ 34ರ ಆಸುಪಾಸಿನಲ್ಲೇ ಬೊಬ್ಬೆಯಿಡತೊಡಗುತ್ತದೆ. ಹಾಗಾಗಿ ನನ್ನ ಮುಖವನ್ನು ಸುಟ್ಟದ್ದು ನನ್ನದೇ ಮೈಶಾಖ. ಭಾವನವರ ಮದ್ದು ಹಚ್ಚಿದ್ದು ಬರಿಯ ಚಾಡಿ. ಮರುದಿನ ಪಕ್ಕದ ಮನೆಯ ಹಿರಿಯರು ಪಟಿಕದ ಗಟ್ಟಿಯನ್ನು ಕಳಿಸಿಕೊಟ್ಟರು. ಸಣ್ಣ ಗಾಯದ ರಕ್ತವನ್ನು ಅದು ನಿಲ್ಲಿಸುತ್ತದೆ ನಿಜ, ಆದರೆ ಮೊದಲೇ ಒಣಗಿ ಬಿಗಿದ ಚರ್ಮವನ್ನು ಇನ್ನಷ್ಟು ಬಿಗಿಯುತ್ತದೆ. ಅಂದು ನಗಲೂ ಯೋಚಿಸಬೇಕಾಯಿತು.

ಬ್ಲೇಡು ಕೂದಲಿನ ಜೊತೆಗೆ ಚರ್ಮದ ಮೇಲ್ಪದರವನ್ನೂ ಒಂದಿಷ್ಟು ಹೆರೆದೊಯ್ಯುವುದರಿಂದ, ಹೀಗೆ ಕಾವಲು ಕಳೆದುಕೊಂಡ ಮುಖಕ್ಕೆ ತಣ್ಣೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ, ಸುವಾಸನೆ ಬೆರೆಸದ ಮಾಯಿಶ್ಚರೈಸರ್ ಅಥವಾ ಲೋಳೆಸರದ ತಿರುಳು, ಇವಿಷ್ಟೇ ಸಾಕು. ತುರಿಕೆ ಹೆಚ್ಚಿದರೆ 1 ಶೇಕಡಾ ಹೈಡ್ರೋಕಾರ್ಟಿಸೋನ್ ಮುಲಾಮನ್ನು ಕೆಲವು ದಿನ ತೆಳುವಾಗಿ ಸವರಬಹುದು. ಕೀವು ತುಂಬಿದರೆ ಮಾತ್ರ ನಿಜವಾದ ವೈದ್ಯರ ಬಳಿಗೆ ಹೋಗಬೇಕು. ಇದ್ಯಾವುದರಲ್ಲೂ ಕುಣಿತವಿಲ್ಲದ ಕಾರಣ ಮನೆಯಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ.

ಎಲ್ಲಕ್ಕಿಂತ ಕಷ್ಟದ ಪಥ್ಯವೆಂದರೆ ಚರ್ಮ ಮಾಯುವವರೆಗೆ ರೇಜರನ್ನು ಮುಟ್ಟದಿರುವುದು. ಆಮೇಲೂ ಬೆಚ್ಚಗಿನ ನೀರಿನಲ್ಲಿ ಕೂದಲನ್ನು ಮೆದುವಾಗಿಸಿ, ಹರಿತವಾದ ಬ್ಲೇಡನ್ನು ಒತ್ತದೆ, ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ಕೆನ್ನೆಯಲ್ಲಿ ಇದು ಸುಲಭ. ಕತ್ತಿನಲ್ಲಿ ಒಂದು ಕಡೆಯ ಕೂದಲು ಕೆಳಮುಖವಾದರೆ ಇನ್ನೊಂದು ಕಡೆಯದು ಕಿವಿಯತ್ತ ಹೊರಟಿರುತ್ತದೆ. ನುಣುಪಿನ ಹುಚ್ಚಿನಲ್ಲಿ ಎದುರುಮುಖವಾಗಿ ಹೆರೆದರೆ, ಗುಂಗುರು ಕೂದಲು ಬೆಳೆಯುವಾಗ ಬಾಗಿ ಮರಳಿ ಚರ್ಮಕ್ಕೇ ಚುಚ್ಚಿಕೊಂಡು ಹೊಸ ಗುಳ್ಳೆಯನ್ನು ಎಬ್ಬಿಸುತ್ತದೆ.

ಪಥ್ಯ ಮಾಡಿದೆ. ಉರಿ ಇಳಿದು, ಗುಳ್ಳೆಗಳು ಮಾಯವಾಗಿ, ಕುರುಚಲು ಗಡ್ಡದ ಅಡಿಯಲ್ಲಿ ಚರ್ಮವು ಎಂದಿಲ್ಲದ ಆರೋಗ್ಯದಿಂದಿದ್ದ ಆ ದಿನವೇ ಕಚೇರಿಯಲ್ಲಿ ಎದುರಾದವರೆಲ್ಲ, ‘ಏನು ಸರ್, ಮೈ ಹುಷಾರಿಲ್ಲವೇ?’ ಎಂದು ಮರುಕದಿಂದ ವಿಚಾರಿಸಿಕೊಂಡರು.