ಪಂಚಾಂಗ ನೋಡಿ ಗಾಳ ಹಾಕೋರಿಗೆ

ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಗಾಳ ಹಿಡಿದು ಹೊರಡೋ ಹುಡುಗರ ಫೋನಲ್ಲಿ ಈಗ ಒಂದು ಆ್ಯಪ್ ಬಂದು ಕೂತಿದೆ. ಇವತ್ತು ಚಂದ್ರ ಎಷ್ಟು ಪರ್ಸೆಂಟ್, ಎಷ್ಟೊತ್ತಿಗೆ ಹುಟ್ತಾನೆ, ಎಷ್ಟೊತ್ತಿಗೆ ನೆತ್ತಿ ಮೇಲೆ ಬರ್ತಾನೆ, ಯಾವಾಗ ಮೀನು ಚೆನ್ನಾಗಿ ಕಚ್ಚುತ್ತೆ, ಎಲ್ಲ ಅದರಲ್ಲೇ. ನಾಲ್ಕು ಮೀನಿನ ಚಿತ್ರ ಬಂದ್ರೆ ಬಂಪರ್, ಒಂದೇ ಬಂದ್ರೆ ಮನೇಲಿ ಹೊದ್ದು ಮಲಗಬೇಕು. ಪಕ್ಕದ ಮನೆ ಹುಡುಗ ಬಂದು "ಅಣ್ಣ, ಇವತ್ತು ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆ ಮೇಜರ್ ಟೈಮ್, ಹಿನ್ನೀರಿಗೆ ಹೋಗಾಣ ಬನ್ನಿ" ಅಂದ. ಮದುವೆಗೆ ಮುಹೂರ್ತ ಕೇಳಿದ್ದೆ, ಎರೆಹುಳ ಸಿಗಿಸೋಕೂ ಮುಹೂರ್ತ ಬಂತಲ್ಲ ಮಾರಾಯ ಅಂದೆ.

ಹಂಗಂತ ಚಂದ್ರನಿಗೂ ಮೀನಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ. ಆದರೆ ಆ ಆ್ಯಪ್ ಹೇಳೋ ಸಂಬಂಧ ಬೇರೆ, ನಮ್ಮ ಮಲೆನಾಡಿನ ಹೊಳೆ, ಹಿನ್ನೀರಲ್ಲಿ ಇರೋ ಸಂಬಂಧ ಬೇರೆ. ನನ್ನ ತಕರಾರು ಇರೋದು ಇವೆರಡನ್ನೂ ಕಲಸುಮೇಲೋಗರ ಮಾಡೋದರ ಬಗ್ಗೆ.

ಈ ಮೇಜರ್, ಮೈನರ್ ಟೈಮ್ ಅನ್ನೋದು ಶುರುವಾಗಿದ್ದು 1926ರಲ್ಲಿ, ಅಮೆರಿಕದ ಜಾನ್ ಆಲ್ಡನ್ ನೈಟ್ ಅನ್ನೋರಿಂದ. ಅದಕ್ಕೆ ಸೋಲೂನಾರ್ ಅಂತ ಹೆಸರು. ಚಂದ್ರ ನೆತ್ತಿ ಮೇಲಿದ್ದಾಗ ಮತ್ತು ಸರಿಯಾಗಿ ಕಾಲಡಿಗೆ, ಅಂದ್ರೆ ಭೂಮಿಯ ಆಚೆ ಬದಿಗೆ ಇದ್ದಾಗ ಮೀನಿಗೆ ಹಸಿವು ಜಾಸ್ತಿ. ಹುಟ್ಟುವಾಗ, ಮುಳುಗುವಾಗ ಸ್ವಲ್ಪ ಕಮ್ಮಿ ಹಸಿವು. ಲೆಕ್ಕ ಇಷ್ಟೇ. ಇದರ ಬೇರು ಇರೋದು ಸಮುದ್ರದ ಉಬ್ಬರ ಇಳಿತದಲ್ಲಿ.

ಸಮುದ್ರದಲ್ಲಿ ಈ ಲೆಕ್ಕಕ್ಕೆ ಅರ್ಥ ಇದೆ. ಘಟ್ಟ ಇಳಿದು ಹೊನ್ನಾವರಕ್ಕೆ ಹೋಗಿ, ಶರಾವತಿ ಕಡಲು ಸೇರೋ ಅಳಿವೆ ಹತ್ತಿರ ನಿಂತು ನೋಡಿ. ಅಮಾವಾಸ್ಯೆಗೂ ಹುಣ್ಣಿಮೆಗೂ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆಯೋದರಿಂದ ಉಬ್ಬರ ದೊಡ್ಡದು, ಅಷ್ಟಮಿ ಆಸುಪಾಸು ಚಿಕ್ಕದು. ನೀರು ಒಳಗೆ ನುಗ್ಗುವಾಗ ಸಣ್ಣ ಮೀನು, ಸೀಗಡಿ ಜೊತೆಗೆ ಬರುತ್ತೆ, ಅದರ ಹಿಂದೆ ದೊಡ್ಡ ಮೀನು. ಉಬ್ಬರದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಯಾಕಂದ್ರೆ ಚಂದ್ರ ಹುಟ್ಟೋದೂ ಅಷ್ಟೇ ತಡ ಆಗುತ್ತೆ. ಅಲ್ಲಿನ ಮೀನುಗಾರ ತಿಥಿ ಲೆಕ್ಕ ಹಾಕಿದ್ರೆ ಅವನು ನೀರಿನ ಲೆಕ್ಕವನ್ನೇ ಹಾಕ್ತಿದ್ದಾನೆ.

ಅದೇ ಶರಾವತಿಗೆ ಮೇಲೆ ಕಟ್ಟಿರೋ ಲಿಂಗನಮಕ್ಕಿ ಡ್ಯಾಮಿನ ಹಿನ್ನೀರಲ್ಲಿ ಏನಿದೆ? ಅಮೆರಿಕ ಕೆನಡಾ ಮಧ್ಯೆ ಸಮುದ್ರದಂತೆ ಹರಡಿಕೊಂಡಿರೋ ಮಹಾ ಸರೋವರಗಳಲ್ಲೇ ಚಂದ್ರನ ಉಬ್ಬರ 5 ಸೆಂಟಿಮೀಟರ್ ದಾಟಲ್ಲ. ಅವುಗಳ ಮುಂದೆ ನಮ್ಮ ಶರಾವತಿ ಹಿನ್ನೀರು ಎಷ್ಟರದು? ಗಾಳಿ ಬೀಸಿದ್ರೆ ಏಳೋ ಅಲೆ ಅದಕ್ಕಿಂತ ದೊಡ್ಡದು. ಇಲ್ಲಿ ನೀರು ಏರೋದು ಘಟ್ಟದ ಮೇಲೆ ಮಳೆ ಹೊಯ್ದಾಗ, ಇಳಿಯೋದು ಕರೆಂಟ್ ಮಾಡೋಕೆ ನೀರು ಬಿಟ್ಟಾಗ. ಡ್ಯಾಮಿನ ಮಟ್ಟ ಪೂರ್ತಿ 1819 ಅಡಿ ಮುಟ್ಟಿದ ವರ್ಷ ನೀರು ಕಾಡಿನ ಅಂಚು, ಹುಲ್ಲುಗಾವಲಿನವರೆಗೂ ನುಗ್ಗುತ್ತೆ. ಮುಳುಗಿದ ಹುಲ್ಲು, ಗೆದ್ದಲು, ಹುಳ ತಿನ್ನೋಕೆ ಮೀನು ದಡಕ್ಕೆ ಬರುತ್ತೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಹಳೇ ಮರದ ಬೊಡ್ಡೆಗಳು ಎದ್ದು ನಿಂತಾಗ ಅದೇ ಮೀನು ಆಳದ ಗುಂಡಿ ಹುಡುಕಿಕೊಂಡು ಹೋಗುತ್ತೆ. ಹಿನ್ನೀರಲ್ಲಿ ಗಾಳ ಹಾಕೋನು ಡ್ಯಾಮಿನ ಮಟ್ಟ ಇವತ್ತು ಎಷ್ಟು ಅಂತ ಪೇಪರಲ್ಲಿ ನೋಡಿದ್ರೆ ಸಾಕು, ಚಂದ್ರ ನೆತ್ತಿಗೆ ಬಂದನಾ ಅಂತ ಕತ್ತು ನೋಯಿಸಿಕೊಳ್ಳಬೇಕಾಗಿಲ್ಲ.

ಹಂಗಾದ್ರೆ ನಮ್ಮ ಹಿರಿಯರು "ಬೆಳದಿಂಗಳಿಗೆ ಬಲೆ ಬಿಡಬೇಡ, ಅಮಾಸೆ ಕತ್ತಲಲ್ಲಿ ಬಿಡು" ಅಂದಿದ್ದು ಸುಳ್ಳಾ? ಅಲ್ಲ. ಅವರು ಹೇಳಿದ್ದು ಬೆಳಕಿನ ಮಾತು.

ಹಿನ್ನೀರಲ್ಲಿ ಬಲೆ ಬಿಡೋ ಹಿರಿಯರೊಬ್ಬರು ನನಗೆ ಪರಿಚಯ. ಸಂಜೆ ತೆಪ್ಪದಲ್ಲಿ ಹೋಗಿ ಬಲೆ ಇಳಿಸಿ ಬಂದ್ರೆ ಬೆಳಗಿನ ಜಾವ ಎತ್ತೋದು. ಕೃಷ್ಣಪಕ್ಷ ಮುಗಿಯೋ ಹೊತ್ತಿಗೆ ಅವರ ಬಲೆ ಬೆಂಡಿಗೆ ಹತ್ತಿರ, ಮೇಲ್ನೀರಲ್ಲೇ ನಿಂತಿರುತ್ತೆ. ಹುಣ್ಣಿಮೆ ಹತ್ತಿರ ಬಂದ್ಹಂಗೆ ಬೆಂಡಿನ ಹಗ್ಗ ಉದ್ದ ಬಿಟ್ಟು ಬಲೆಯನ್ನ ಕೆಳಕ್ಕೆ ಇಳಿಸ್ತಾರೆ. ಹೊಸ ಬಿಳಿ ನೈಲಾನ್ ಬಲೆ ಪಕ್ಕಕ್ಕಿಟ್ಟು ಕೆಸರು ಕುಡಿದು ಕಂದಾದ ಹಳೇ ಬಲೆ ತಗೊಳ್ತಾರೆ. ಯಾಕೆ ಅಂತ ಕೇಳಿದ್ದಕ್ಕೆ, ಒಂದು ಕಣ್ಣು ಹರಿದಿದ್ದನ್ನ ಹಲ್ಲಲ್ಲಿ ದಾರ ಕಚ್ಚಿ ಗಂಟು ಹಾಕ್ತಾ ಹಾಕ್ತಾ, "ಬೆಳದಿಂಗಳಲ್ಲಿ ಮೀನಿಗೆ ಬಲೆ ಅನ್ನೋದು ತ್ವಾಟದ ಬೇಲಿ ಕಂಡಂಗೆ ಕಾಣ್ತದೆ ತಮ್ಮ, ಸುತ್ತು ಹಾಕ್ಕೊಂಡು ಹೋಗ್ತದೆ" ಅಂದ್ರು. ಅವರ ಫೋನು ಬಟನ್ ಫೋನು. ಆ್ಯಪ್ ಹಾಕ್ಕೊಳ್ಳೋಕೆ ಜಾಗ ಇಲ್ಲ.

ಬೆಳಕಿನ ಆಟ ಬಲೆ ಕಾಣೋದಕ್ಕಷ್ಟೇ ನಿಲ್ಲಲ್ಲ. ನೀರಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಜೀವಿಗಳಿರ್ತವೆ, ಪ್ರಾಣಿಪ್ಲವಕ ಅಂತ ಶಾಲೆ ಪುಸ್ತಕದಲ್ಲಿ ಓದಿರ್ತೀರಿ. ಹಗಲಲ್ಲಿ ಮೀನಿನ ಕಣ್ಣಿಗೆ ಬೀಳಬಾರದು ಅಂತ ಆಳದಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಪಾಚಿ ಮೇಯೋಕೆ ಮೇಲಕ್ಕೆ ಬರ್ತವೆ. ಪೋಲೆಂಡಿನ ಗ್ಲಿವಿಚ್ ಅನ್ನೋ ವಿಜ್ಞಾನಿ ಆಫ್ರಿಕಾದ ಮೊಜಾಂಬಿಕ್‌ನಲ್ಲಿ, ಜಾಂಬೆಜಿ ನದಿಗೆ ಕಟ್ಟಿದ ಕಹೋರಾ ಬಾಸಾ ಜಲಾಶಯದಲ್ಲಿ ಇದನ್ನ ನೋಡಿ 1986ರಲ್ಲಿ ಪ್ರಕಟಿಸಿದ್ರು. ಅದೂ ನಮ್ಮ ಲಿಂಗನಮಕ್ಕಿ ಥರ ಕಟ್ಟಿದ ಕೆರೆಯೇ, ಉಷ್ಣವಲಯದ್ದೇ, ಅದಕ್ಕೇ ನನಗೆ ಇದು ಜಾಸ್ತಿ ಹಿಡಿಸಿದ್ದು. ಅಲ್ಲಿ ಈ ಜೀವಿಗಳ ಸಂಖ್ಯೆ ತಿಂಗಳಿಗೊಮ್ಮೆ ಕುಸಿದು ಬೀಳ್ತಿತ್ತು. ಯಾವಾಗ? ಹುಣ್ಣಿಮೆ ಕಳೆದ ಮೇಲೆ.

ಕಾರಣ ನಮ್ಮ ಮನೆಗಳಲ್ಲಿ ಸಂಕಷ್ಟಿ ಮಾಡೋರಿಗೆ ಥಟ್ ಅಂತ ಹೊಳೀಬೇಕು. ಹುಣ್ಣಿಮೆ ದಿನ ಸೂರ್ಯ ಮುಳುಗೋದಕ್ಕೂ ಚಂದ್ರ ಏಳೋದಕ್ಕೂ ಅಂತರ ಇಲ್ಲ, ಕತ್ತಲೆಯೇ ಆಗಲ್ಲ. ಸಂಕಷ್ಟಿ ಹೊತ್ತಿಗೆ ಚಂದ್ರೋದಯ ರಾತ್ರಿ ಒಂಬತ್ತರ ಆಸುಪಾಸು, ಗೋಡೆ ಕ್ಯಾಲೆಂಡರಲ್ಲಿ ಗಂಟೆ ನಿಮಿಷ ಸಮೇತ ಅಚ್ಚಾಗಿರುತ್ತೆ. ನಡುವೆ ಎರಡು ಗಂಟೆಗೂ ಹೆಚ್ಚು ಗವ್ವೆನ್ನೋ ಕತ್ತಲು. ಆ ಕತ್ತಲನ್ನ ನಂಬಿ ಈ ಜೀವಿಗಳು ಮೇಲೆ ಬಂದುಬಿಡ್ತವೆ. ಅಷ್ಟೊತ್ತಿಗೆ ಚಂದ್ರ ಏಳ್ತಾನೆ. ಉಪವಾಸದವರು ಅರ್ಘ್ಯ ಬಿಟ್ಟು ಊಟಕ್ಕೆ ಕೂರೋ ಹೊತ್ತಲ್ಲಿ ಅಲ್ಲಿನ ಸಣ್ಣ ಮೀನುಗಳೂ ಊಟಕ್ಕೆ ಕೂತಿರ್ತವೆ. ಶುಕ್ಲಪಕ್ಷದಲ್ಲಿ ಈ ಮೋಸ ನಡೆಯಲ್ಲ, ಸಂಜೆಯಿಂದಲೇ ಚಂದ್ರ ಮೇಲಿರ್ತಾನಲ್ಲ. ಅಂದ್ರೆ ಒಂದೇ ಅಷ್ಟು ಬೆಳಕಿನ ಚಂದ್ರ, ಪಕ್ಷ ಬದಲಾದ್ರೆ ಬೇರೆಯೇ ಕೆಲಸ. ಚಂದ್ರ ಎಷ್ಟು ಪರ್ಸೆಂಟ್ ಅಂತಷ್ಟೇ ನೋಡೋರಿಗೆ ಇದು ಕಾಣಲ್ಲ.

ಮೀನು ಮೀನಿಗೂ ವ್ಯತ್ಯಾಸ ಇದೆ ಅನ್ನೋದನ್ನಂತೂ ಆ್ಯಪ್ ಲೆಕ್ಕಕ್ಕೇ ತಗೊಳ್ಳಲ್ಲ. ಜಿಲೇಬಿ ಮೀನು ಹಗಲಲ್ಲಿ ಕಣ್ಣಿಂದ ನೋಡಿ ಮೇಯೋದು, ಅದಕ್ಕೆ ಏಕಾದಶಿ ಆದ್ರೇನು ಚೌತಿ ಆದ್ರೇನು. ಬಾಳೆಮೀನು ರಾತ್ರಿ ಬೇಟೆಗಾರ, ಉದ್ದ ಮೀಸೆ ಬೀಸಿಕೊಂಡು ಕೆಸರು ನೀರಲ್ಲೂ ಹುಡುಕಿ ತಿನ್ನುತ್ತೆ. ಇನ್ನು ಶೃಂಗೇರಿ ಮಠದ ಮುಂದೆ, ಚಿಬ್ಬಲಗುಡ್ಡೆಯ ದೇವಸ್ಥಾನದ ಹತ್ತಿರ ತುಂಗೆಯಲ್ಲಿರೋ ದೇವರ ಮೀನುಗಳನ್ನ ಕೇಳಲೇಬೇಡಿ. ಮಂಡಕ್ಕಿ ಬಿದ್ದ ಹೊತ್ತೇ ಅವಕ್ಕೆ ಮೇಜರ್ ಟೈಮು.

"ಇಲ್ಲ ಅಣ್ಣ, ನಮ್ಮ ಅನುಭವದಲ್ಲಿ ಅಮಾಸೆಗೆ ಗಾಳಕ್ಕೆ ಪಕ್ಕಾ ಬೀಳುತ್ತೆ" ಅನ್ನೋರು ಇದ್ದಾರೆ. ಅಮಾಸೆ ರಾತ್ರಿ ನಮ್ಮೂರಲ್ಲಿ ಹೊಳೆ ಹತ್ತಿರ ಎಷ್ಟು ಜನ ಹೋಗ್ತಾರೆ ಹೇಳಿ. ಚೌಡಿ ಇದ್ದಾಳೆ, ಭೂತ ಇದೆ ಅಂತ ಅರ್ಧ ಊರು ಆ ಕಡೆ ತಲೆ ಹಾಕಲ್ಲ. ಗಲಾಟೆ ಇಲ್ಲ, ಟಾರ್ಚ್ ಬೆಳಕಿಲ್ಲ, ಪಕ್ಕದಲ್ಲಿ ಇನ್ನೊಬ್ಬನ ಗಾಳ ಇಲ್ಲ. ಧೈರ್ಯ ಮಾಡಿ ಹೋದವನಿಗೆ ನಾಲ್ಕು ಮೀನು ಬಿದ್ರೆ ಹೆಸರು ಅಮಾಸೆಗೆ. ಬರಿಗೈಲಿ ಬಂದವನು ಅದನ್ನ ಯಾರ ಹತ್ರವೂ ಹೇಳಲ್ಲ. ಉತ್ತರ ಅಮೆರಿಕದ ಮಸ್ಕಿ ಅನ್ನೋ ದೊಡ್ಡ ಮೀನನ್ನ ಗಾಳದಲ್ಲಿ ಹಿಡಿದ ಮೂರು ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನ ಜಾಲಾಡಿ 2014ರಲ್ಲಿ ಒಂದು ಅಧ್ಯಯನ ಬಂತು. ಚಂದ್ರನ ಪ್ರಭಾವ ಇದೆ ಅಂತಲೇ ಅದರಲ್ಲಿ ಹೊರಬಿದ್ದಿದ್ದು. ಎಷ್ಟು? ಹೆಚ್ಚೆಂದ್ರೆ ಶೇಕಡಾ 5ರಷ್ಟು. ಅಷ್ಟಕ್ಕೆ ನಾನು ಕೂಲಿ ಬಿಟ್ಟು ಹೋಗಲ್ಲ.

ನಮ್ಮ ಮೀನಿನ ನಿಜವಾದ ಪಂಚಾಂಗ ಮಳೆ. ಮೃಗಶಿರ, ಆರಿದ್ರಾ ಹೊಯ್ದು ಹಳ್ಳ ಕೆಂಪಾಗಿ ಇಳಿಯೋಕೆ ಶುರುವಾದ ರಾತ್ರಿ ಹತ್ತುಮೀನು ಬರುತ್ತಲ್ಲ, ಅದು ಯಾವ ತಿಥಿ ನೋಡುತ್ತೆ? ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ, ಎರಡು ಗೇಣು ನೀರಲ್ಲಿ ಬೆನ್ನು ಕಾಣಿಸ್ತಾ ಎದುರು ಈಜಿಕೊಂಡು ಹತ್ತುತ್ತೆ. ಜನ ಮೀನು ಹಿಡಿಯೋ ಕೂಳಿ ಬುಟ್ಟಿ ಇಟ್ಕೊಂಡು, ಟಾರ್ಚು ಕತ್ತಿ ಹಿಡ್ಕೊಂಡು ಇಡೀ ರಾತ್ರಿ ಕಾಯ್ತಾರೆ. ಈ ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು. ಮೃಗಶಿರ ಪ್ರತಿವರ್ಷ ಜೂನ್ 7-8ಕ್ಕೇ ಹುಟ್ಟುತ್ತೆ, ಅವತ್ತು ಚಂದ್ರ ಎಲ್ಲಿ ಬೇಕಾದ್ರೂ ಇರಬಹುದು. ಅದೂ ಅಲ್ದೆ ವರ್ಷಕ್ಕೆ 7000 ಮಿಲಿಮೀಟರ್ ಮಳೆ ಹೊಯ್ಯೋ ಆಗುಂಬೆಯಲ್ಲಿ ಆಷಾಢದ ಹುಣ್ಣಿಮೆ ಚಂದ್ರನನ್ನ ಕಂಡವರು ಯಾರಾದ್ರೂ ಇದ್ರೆ ಮುಂದೆ ಬನ್ನಿ. ಮೋಡದ ಆಚೆ ಅವನು ಎಷ್ಟು ಪರ್ಸೆಂಟ್ ಇದ್ದರೇನು.

ಹತ್ತುಮೀನಿನ ವಿಷಯ ಬಂತು, ಹೇಳೇ ಬಿಡ್ತೀನಿ, ಬೈಯೋರು ಬೈಯಿರಿ. ಅವು ಹತ್ತೋದು ಮೊಟ್ಟೆ ಇಡೋಕೆ. ಕಡಿದು ತಂದ ಮೀನು ಹೆರೆಯೋವಾಗ ಹೊಟ್ಟೆ ತುಂಬ ತತ್ತಿ ಸಿಗುತ್ತೆ, ಎಲ್ಲರ ಮನೆಯಲ್ಲೂ ನೋಡಿದ್ದೀವಿ. ಮನೆಗೊಂದು ಸಾರಿಗೆ ಆಗುವಷ್ಟು ಹಿಡಿಯೋದು ನಮ್ಮ ಕಡೆಯ ಹಳೇ ಪದ್ಧತಿ, ಅದಕ್ಕೆ ನನ್ನ ವಿರೋಧ ಇಲ್ಲ. ಆದರೆ ಹಳ್ಳಕ್ಕೆ ಈ ದಡದಿಂದ ಆ ದಡಕ್ಕೆ ಬಲೆ ಕಟ್ಟಿ ಒಂದನ್ನೂ ಮೇಲೆ ಬಿಡದೆ ಬಾಚಿ, ಸೆಪ್ಟೆಂಬರಲ್ಲಿ "ಯಾಕೋ ಈ ಸಲ ಮೀನೇ ಇಲ್ಲ, ಚಂದ್ರನ ಬಲ ಸರಿ ಇಲ್ಲ" ಅಂತ ಆ್ಯಪ್ ತೆಗೆಯೋದು ಇದೆಯಲ್ಲ, ಅದು ನನಗೆ ತಡೆಯಲ್ಲ. ಬೇಸಿಗೆ ಗುಂಡಿಗೆ ತೋಟೆ ಸಿಡಿಸಿ ಮೀನು ಹಿಡಿಯೋರ ಬಗ್ಗೆ ಇನ್ನೊಂದು ದಿನ ಬರೀತೀನಿ, ಇವತ್ತು ಬಿಪಿ ಜಾಸ್ತಿ ಮಾಡ್ಕೊಳ್ಳಲ್ಲ.

ಒಂದು ಕಡೆ ಮಾತ್ರ ಚಂದ್ರ ನಮ್ಮೂರ ಮೀನುಗಾರನ ಜೇಬಿಗೆ ನೇರ ಕೈ ಹಾಕ್ತಾನೆ, ಅದು ಮೀನು ಮಾರ್ಕೆಟ್ಟಲ್ಲಿ. ಅಮಾಸೆ, ಹುಣ್ಣಿಮೆ, ಸಂಕಷ್ಟಿ, ಏಕಾದಶಿಗೆ ಎಷ್ಟೋ ಮನೆಗಳಲ್ಲಿ ಮೀನಿನ ಸಾರಿಲ್ಲ. ಶ್ರಾವಣ ಪೂರ್ತಿ ಒಲ್ಲೆ ಅನ್ನೋರು ಬೇರೆ. ಗಣೇಶನನ್ನ ನೀರಿಗೆ ಬಿಟ್ಟು ಬಂದ ಮೇಲೆ ಅದೇ ಜನ ಬುಟ್ಟಿ ಮುಂದೆ ಕ್ಯೂ. ಹಿನ್ನೀರಿನ ಆ ಹಿರಿಯರ ಕಷ್ಟ ಕೇಳಿ: ಅಮಾಸೆ ಕತ್ತಲಲ್ಲಿ ಬಲೆಗೆ ಮೀನು ಬೀಳುತ್ತೆ, ಅಮಾಸೆ ದಿನ ಕೊಳ್ಳೋರಿಲ್ಲ. ಹಂಗಾಗಿ ಅವರು ಕ್ಯಾಲೆಂಡರ್ ನೋಡಿಯೇ ಬಲೆ ಬಿಡ್ತಾರೆ, ನೋಡೋದು ಮೀನು ಯಾವಾಗ ಬರುತ್ತೆ ಅಂತಲ್ಲ, ಗಿರಾಕಿ ಯಾವಾಗ ಬರ್ತಾರೆ ಅಂತ.

ಪಕ್ಕದ ಮನೆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಸರಿ ಅಣ್ಣ, ಹಂಗಾದ್ರೆ ಸಂಕಷ್ಟಿ ರಾತ್ರಿ ಹೋಗಾಣ" ಅಂದ. ಅವತ್ತು ಅವನ ಅಮ್ಮ ಮನೆಯೊಳಗೆ ಮೀನು ಬಿಡಲ್ಲ ಅನ್ನೋದು ಇನ್ನೂ ಅವನ ತಲೆಗೆ ಹೋಗಿಲ್ಲ.