ಕೆರೆಯ ಹಿನ್ನೀರಿನ ಜೌಗಿಗೂ ಜೆಸಿಬಿ ಇಳಿಸಬೇಕಾ? ಪರ–ವಿರೋಧ

ಬೇಸಿಗೆ ಬಂತು ಅಂದರೆ ಬಯಲುಸೀಮೆ ಊರುಗಳಲ್ಲಿ ಹೂಳೆತ್ತುವ ಮಾತು ಶುರು. ಏರಿ ಪಕ್ಕ, ತೂಬಿನ ಹತ್ತಿರ ಹೂಳು ತೆಗೆಯುವುದಕ್ಕೆ ಯಾರ ತಕರಾರೂ ಇಲ್ಲ. ಜಗಳ ಇರುವುದು ಇನ್ನೊಂದು ತುದಿಯದ್ದು. ಹಳ್ಳ ಬಂದು ಕೆರೆ ಸೇರುವ ಕಡೆ ಐದೋ ಹತ್ತೋ ಎಕರೆ ಜೌಗು ಇರುತ್ತದಲ್ಲ, ಆಪು, ಜೊಂಡು ಬೆಳೆದು, ಮೊಣಕಾಲುದ್ದ ನೀರು ನಿಂತು, ಕಾಲಿಟ್ಟರೆ ಕೆಸರಲ್ಲಿ ಹೂತುಹೋಗುವ ಜಾಗ, ಅದನ್ನೂ ಅಗೆದು ಆಳ ಮಾಡಬೇಕಾ? ಎರಡೂ ಕಡೆಯ ವಾದವನ್ನು ಆಯಾ ಕಡೆಯವರೇ ಮಾತಾಡಿದ ಹಾಗೆ ಬರೆದಿದ್ದೇನೆ. ನನ್ನ ಒಲವು ಯಾವ ಕಡೆ ಅನ್ನುವುದು ಓದಿದರೆ ಗೊತ್ತಾಗುತ್ತದೆ, ಮುಚ್ಚಿಡಲು ಹೋಗಿಲ್ಲ.

ಪರ: ಅಗೆಯಿರಿ, ಪೂರ್ತಿ ಅಗೆಯಿರಿ

ಮೊದಲು ಒಂದು ವಿಷಯ ಇತ್ಯರ್ಥ ಆಗಲಿ. ಕೆರೆ ತಾನಾಗಿ ಹುಟ್ಟಿದ್ದಲ್ಲ. ಯಾರೋ ಮಣ್ಣು ಹೊತ್ತು ಏರಿ ಕಟ್ಟಿದರು, ಕಲ್ಲಿನ ತೂಬು ಇಟ್ಟರು, ಕೋಡಿ ಬಿಟ್ಟರು. ಯಾಕೆ? ಕೆಳಗಿನ ಅಚ್ಚುಕಟ್ಟಿಗೆ ನೀರು ಬೇಕಿತ್ತು, ಅಷ್ಟೇ. ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಕಟ್ಟುಕೊಡಗೆ ಅಂತ ಜಮೀನು ಬಿಟ್ಟದ್ದು ಸಿಗುತ್ತದೆ. ಕೆರೆ ಕೆಲಸದ ಬಂಡಿಗೆ ಅಂತಲೇ ದತ್ತಿ ಬಿಟ್ಟದ್ದೂ ಉಂಟು. ಅಂದರೆ ಹೂಳು ತುಂಬುತ್ತದೆ, ತೆಗೆಯುತ್ತಲೇ ಇರಬೇಕು ಅನ್ನುವುದು ಕಟ್ಟಿದವರಿಗೇ ಗೊತ್ತಿತ್ತು. ನಡುವೆ ಕೊಳವೆಬಾವಿ ಬಂತು. ಕೆರೆ ಮರೆತೆವು, ತೂಬಿನ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸ ಹೋಯಿತು, ಹೂಳು ಕೂತಿತು, ಹೂಳಿನ ಮೇಲೆ ಜೊಂಡು ಬಂತು. ನಮ್ಮ ಸೋಮಾರಿತನ ಬೆಳೆಸಿದ ಜೊಂಡಿಗೆ ಈಗ ಪ್ರಕೃತಿ ಅಂತ ಹೆಸರಿಟ್ಟು ಮುಟ್ಟಬೇಡಿ ಅಂದರೆ ಹೇಗೆ?

ಲೆಕ್ಕ ನೋಡಿ. ಹತ್ತು ಎಕರೆ ಜೌಗನ್ನು ಒಂದು ಮೀಟರ್ ಆಳ ಮಾಡಿದರೆ ಸುಮಾರು 40 ಸಾವಿರ ಘನ ಮೀಟರ್, ಅಂದರೆ 4 ಕೋಟಿ ಲೀಟರ್ ನೀರಿಗೆ ಜಾಗ ಆಗುತ್ತದೆ. ಒಂದು ಊರಿಗೆ ಇದು ಸಣ್ಣ ಮಾತಲ್ಲ. ಈಗ ಅಲ್ಲಿ ನಿಲ್ಲುವ ನೀರಿನ ಗತಿ ಏನು? ಬಯಲುಸೀಮೆ ಬಿಸಿಲಿಗೆ ವರ್ಷಕ್ಕೆ ಒಂದೂವರೆ ಮೀಟರ್‌ಗಿಂತ ಜಾಸ್ತಿ ನೀರು ಆವಿಯಾಗಿ ಹೋಗುತ್ತದೆ. ಮೊಣಕಾಲುದ್ದದ ನೀರು ಯುಗಾದಿ ನೋಡುವುದಿಲ್ಲ. ಹಾಗೆ ಬಿಸಿಲಿಗೆ ಕೊಡುವ ನೀರನ್ನು ಆಳದಲ್ಲಿ ಹಿಡಿದಿಟ್ಟರೆ ಸುತ್ತಲಿನ ಬೋರುಗಳಿಗಾದರೂ ಒಂದಿಷ್ಟು ಇಂಗುತ್ತದೆ.

ಇನ್ನು ಗೋಡು, ಅಂದರೆ ಕೆರೆಯ ಹೂಳುಮಣ್ಣು. ಕೆರೆ ಗೋಡಿನ ಬೆಲೆ ಹೊಲ ಇದ್ದವರಿಗೆ ಗೊತ್ತು. ಕೆಂಪು ಮಣ್ಣಿನ ಹೊಲಕ್ಕೆ ನಾಲ್ಕು ಲೋಡು ಕರಿ ಗೋಡು ಹೊಡೆಸಿದರೆ ತೇವ ಹಿಡಿಯುತ್ತದೆ, ಗೊಬ್ಬರದ ಖರ್ಚು ಇಳಿಯುತ್ತದೆ. ಹಿಂದೆ ಎತ್ತಿನ ಗಾಡಿಯಲ್ಲಿ ಹೊಡೆಯುತ್ತಿದ್ದದ್ದನ್ನು ಈಗ ಟ್ರ್ಯಾಕ್ಟರಿನಲ್ಲಿ ಹೊಡೆಯುತ್ತೇವೆ. ಜೌಗಿನ ಗೋಡಿನಲ್ಲಿ ಕೊಳೆತ ಜೊಂಡು ಬೇರೆ ಸೇರಿರುತ್ತದೆ, ಅದಕ್ಕಿಂತ ಒಳ್ಳೆ ಗೋಡು ಸಿಗುವುದಿಲ್ಲ.

ಜೊಂಡಿನ ಪೊದೆಯಲ್ಲಿ ಯಾರ್ಯಾರು ಇರುತ್ತಾರೆ ಅನ್ನುವುದನ್ನು ಪಟ್ಟಣದಿಂದ ಕ್ಯಾಮೆರಾ ಹಿಡಿದು ಬಂದವರು ಪೂರ್ತಿ ಹೇಳುವುದಿಲ್ಲ. ಹಗಲು ಕಾಡುಹಂದಿ ಅದರೊಳಗೆ ಮಲಗುತ್ತದೆ, ರಾತ್ರಿ ಕಡಲೆಕಾಯಿ ಹೊಲಕ್ಕೆ, ಜೋಳದ ಹೊಲಕ್ಕೆ ಇಳಿಯುತ್ತದೆ. ನೀರು ಕುಡಿಯಲು ಹೋದ ಹಸು ಕೆಸರಿನಲ್ಲಿ ಸಿಕ್ಕಿಕೊಂಡರೆ ಹಗ್ಗ ಹಾಕಿ ಎಳೆಯುವವರು ನಾವು. ಮಾಗಡಿ ಕೆರೆಯನ್ನೇ ತಗೊಳ್ಳಿ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು, 50 ಹೆಕ್ಟೇರಿನಷ್ಟು ಇದೆ. ಮಳೆನೀರು ನಿಲ್ಲಿಸಿ ನೀರಾವರಿ ಮಾಡುವುದಕ್ಕೆ ಕಟ್ಟಿದ ಕೆರೆ. ಚಳಿಗಾಲಕ್ಕೆ ಸಾವಿರಾರು ಪಟ್ಟೆತಲೆ ಬಾತುಗಳು ಹಿಮಾಲಯ ದಾಟಿ ಬರುತ್ತವೆ, ನೋಡಲು ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅವು ನೀರು ಕುಡಿದುಕೊಂಡು ಸುಮ್ನೆ ಕೂರುವುದಿಲ್ಲ, ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಫೋಟೊ ಒಬ್ಬರಿಗೆ, ಬೆಳೆ ನಷ್ಟ ಇನ್ನೊಬ್ಬರಿಗೆ.

ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಕಾರಣ ಒತ್ತುವರಿ. ಹಿನ್ನೀರಿನ ಜಾಗ ಸಂಕ್ರಾಂತಿ ಹೊತ್ತಿಗೆ ಒಣಗುತ್ತದೆ. ಒಣಗಿದ ಮೇಲೆ ಪಕ್ಕದ ಹೊಲದವನ ನೇಗಿಲು ಒಂದು ಸಾಲು ಈಚೆ ಬರುತ್ತದೆ, ಮರುವರ್ಷ ನಾಲ್ಕು ಸಾಲು, ಆಮೇಲೆ ಬದು, ಆಮೇಲೆ ಬೇಲಿ, ಕೊನೆಗೆ ಯಾರದೋ ಹೆಸರಿನ ಪಹಣಿ. ಆಳಕ್ಕೆ ಅಗೆದ ಕೆರೆಯೊಳಗೆ ಯಾರೂ ರಾಗಿ ಬಿತ್ತುವುದಿಲ್ಲ. ಜೌಗನ್ನು ಹಾಗೇ ಬಿಟ್ಟ ಕೆರೆ ಹತ್ತು ವರ್ಷದಲ್ಲಿ ಕೆರೆಯಾಗಿಯೇ ಉಳಿಯುವುದಿಲ್ಲ. ಆಗ ಹಕ್ಕಿಯೂ ಇಲ್ಲ, ನೀರೂ ಇಲ್ಲ.

ವಿರೋಧ: ತೂಬಿನ ಕಡೆ ಅಗೆಯಿರಿ, ಹಳ್ಳದ ಕಡೆ ಬಿಡಿ

4 ಕೋಟಿ ಲೀಟರಿನಿಂದಲೇ ಶುರು ಮಾಡೋಣ. ಕೆರೆಯಂಗಳ ಸಮತಟ್ಟಾಗಿ ಇರುವುದಿಲ್ಲ. ಹಳ್ಳದ ಕಡೆ ಎತ್ತರ, ಏರಿ ಕಡೆ ತಗ್ಗು, ತಗ್ಗಿನಲ್ಲಿ ತೂಬು. ಎತ್ತರದ ತುದಿಯಲ್ಲಿ ಒಂದು ಮೀಟರ್ ಗುಂಡಿ ತೋಡಿದರೆ ಕೆರೆ ಇಳಿದಾಗ ಆ ನೀರು ಗುಂಡಿಯಲ್ಲೇ ಉಳಿಯುತ್ತದೆ. ತೂಬಿಗೆ ಬರುವುದೇ ಇಲ್ಲ, ಅಚ್ಚುಕಟ್ಟಿನ ಗದ್ದೆಗೆ ಒಂದು ತೊಟ್ಟೂ ಹೋಗುವುದಿಲ್ಲ. ಪಂಪು ಇಟ್ಟುಕೊಂಡ ಒಬ್ಬಿಬ್ಬರಿಗೆ ಲಾಭ. ಬೋರಿಗೆ ಇಂಗುತ್ತದೆ ಅನ್ನುವ ಮಾತನ್ನು ಒಪ್ಪುತ್ತೇನೆ, ಅದರಲ್ಲಿ ಹುರುಳಿದೆ. ಆದರೆ ಹಾಗಾದರೆ ಇದು ಇಂಗುಗುಂಡಿ ಕೆಲಸ ಅಂತ ನೇರವಾಗಿ ಹೇಳಿ, ಅಚ್ಚುಕಟ್ಟಿನ ರೈತರ ಹೆಸರು ಯಾಕೆ ಎಳೆಯುತ್ತೀರಿ?

ಮತ್ತೆ ಜೆಸಿಬಿ ಮೊದಲು ಜೌಗಿಗೇ ಯಾಕೆ ಇಳಿಯುತ್ತದೆ ಗೊತ್ತಾ? ಬೇಸಿಗೆಯಲ್ಲಿ ಮೊದಲು ಒಣಗುವುದು ಅದೇ. ಏರಿ ಹತ್ತಿರ, ನಿಜವಾಗಿ ಹೂಳು ತೆಗೆಯಬೇಕಾದ ಕಡೆ, ಇನ್ನೂ ನೀರು, ಕೆಸರು ಇರುತ್ತದೆ, ಯಂತ್ರ ಹೂತುಹೋಗುತ್ತದೆ. ಗುತ್ತಿಗೆದಾರನಿಗೆ ದುಡ್ಡು ಬರುವುದು ಘನ ಮೀಟರ್ ಲೆಕ್ಕದಲ್ಲಿ. ಯಾವ ತುದಿಯಲ್ಲಿ ಅಗೆದರೂ ಬಿಲ್ಲು ಒಂದೇ ಆದಾಗ ಸುಲಭದ ತುದಿಯಲ್ಲೇ ಅಗೆಯುತ್ತಾನೆ. ಅವನನ್ನೇನೂ ಬೈಯುತ್ತಿಲ್ಲ, ಎಸ್ಟಿಮೇಟ್ ಬರೆದವರು ಜಾಗ ಗುರುತು ಮಾಡಬೇಕಿತ್ತು. ಹತ್ತು ಎಕರೆಯ ಆ 40 ಸಾವಿರ ಘನ ಮೀಟರ್ ಮಣ್ಣು ಅಂದರೆ ಟ್ರೇಲರಿಗೆ ಮೂರು ಘನ ಮೀಟರ್ ಹಿಡಿದರೂ 13 ಸಾವಿರ ಲೋಡು. ಅಷ್ಟೂ ರೈತರ ಹೊಲಕ್ಕೆ ಹೋಗುತ್ತದೆ ಅಂತ ನಂಬುವಷ್ಟು ಮುಗ್ಧರಾ ನಾವು? ಮೇಲಿನ ಒಂದು ಪದರ ಹೊಲಕ್ಕೆ, ಕೆಳಗಿನ ಜೇಡಿ ಇಟ್ಟಿಗೆ ಗೂಡಿಗೆ. ಹೊಲಕ್ಕೆ ಬೇಕಾದ ಗೋಡು ಏರಿ ಕಡೆಯೂ ಸಿಗುತ್ತದಲ್ಲ.

ಜೌಗು ಸುಮ್ನೆ ಬಿದ್ದಿರುವ ಜಾಗ ಅಲ್ಲ. ಮಳೆ ಹೊಡೆದ ದಿನ ಹಳ್ಳದ ನೀರು ಕೆಂಪಗೆ, ರಭಸದಿಂದ ಬರುತ್ತದೆ. ಜೊಂಡಿಗೆ ತಾಗಿದ ಕೂಡಲೇ ವೇಗ ಕಳೆದುಕೊಳ್ಳುತ್ತದೆ, ಮರಳು, ಮಣ್ಣು ಅಲ್ಲೇ ಕೂರುತ್ತದೆ. ತಿಳಿಯಾದದ್ದು ಮುಂದೆ ಹೋಗುತ್ತದೆ. ಈ ಜೊಂಡನ್ನು ಬೇರು ಸಮೇತ ಕಿತ್ತರೆ ಗುಂಡಿ ತುಂಬುವವರೆಗೆ ಮಾತ್ರ ಮಣ್ಣು ಅಲ್ಲಿ ನಿಲ್ಲುತ್ತದೆ. ಆಮೇಲೆ ಬಂದದ್ದೆಲ್ಲ ನೇರ ತೂಬಿನ ಬಾಯಿಗೆ. ಅಂದರೆ ಹೂಳು ತೆಗೆಯುವ ಹೆಸರಿನಲ್ಲಿ ಹೂಳು ತಡೆಯುವುದನ್ನೇ ತೆಗೆದು ಹಾಕುತ್ತಿದ್ದೇವೆ.

ಅಗೆದ ಕೆರೆಗಳ ಆಕಾರ ನೋಡಿದ್ದೀರಲ್ಲ, ಓರೆ ದಡ ಹೋಗಿ ಗೋಡೆಯಂಥ ದಡ, ಒಳ್ಳೇ ಬಕೀಟಿನ ಹಾಗೆ. ಹಸು ಕೆಸರಲ್ಲಿ ಸಿಕ್ಕಿಕೊಳ್ಳುತ್ತದೆ ಅಂದಿರಿ, ಈ ದಡದಲ್ಲಿ ಅದು ನೀರಿಗೆ ಇಳಿಯುವುದೇ ಹೇಗೆ? ಈಜಲು ಹೋದ ಮಕ್ಕಳು ಹತ್ತುವುದು ಹೇಗೆ? ಎರಡು ಹೆಜ್ಜೆ ಇಟ್ಟರೆ ಆಳ ಶುರುವಾಗುವ ಕೆರೆಯನ್ನು ಊರಿನ ಯಾವ ತಾಯಿಯೂ ಕೇಳಿರಲಿಲ್ಲ.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಸಹಿಸಿಕೊಳ್ಳಿ. ಮಳೆಗಾಲದಲ್ಲಿ ಜೌಗಿನ ಅಂಚಿಗೆ ಹೋಗಿ ಹದಿನೈದು ನಿಮಿಷ ಅಲ್ಲಾಡದೆ ಕೂತರೆ ದೇವನಕ್ಕಿ ಕಾಣುತ್ತದೆ. ಉದ್ದುದ್ದ ಬೆರಳು, ಒಂದೊಂದು ಹೆಜ್ಜೆಗೂ ಆ ಬೆರಳುಗಳನ್ನು ಅಗಲಿಸಿ ನೈದಿಲೆ ಎಲೆಯ ಮೇಲೆ ಇಡುತ್ತದೆ, ಎಲೆ ಮುಳುಗುವುದಿಲ್ಲ. ತೇಲುವ ಎಲೆ, ಕಡ್ಡಿಗಳ ಮೇಲೇ ಗೂಡು. ಹೆಣ್ಣು ನಾಲ್ಕು ಮೊಟ್ಟೆ ಇಟ್ಟು ಇನ್ನೊಬ್ಬ ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಕಾವು ಕೂರುವುದು, ಮರಿ ಸಾಕುವುದು ಎಲ್ಲ ಗಂಡಿನ ಪಾಲು. ಅಪಾಯ ಕಂಡರೆ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ಎದ್ದು ನಡೆದುಬಿಡುತ್ತದೆ, ಆಗ ರೆಕ್ಕೆ ಕೆಳಗೆ ಮರಿಗಳ ಉದ್ದ ಕಾಲುಗಳು ಮಾತ್ರ ಜೋತಾಡುತ್ತಿರುತ್ತವೆ. ಪಕ್ಕದ ಆಪಿನೊಳಗೆ ನೇರಳೆ ಜಂಬುಕೋಳಿ ಎಳೆ ಕಾಂಡ ಸೀಳಿ ತಿನ್ನುತ್ತಿರುತ್ತದೆ. ಇವಕ್ಕೆ ನಾಲ್ಕು ಮೀಟರ್ ಆಳದ ಬರಿ ನೀರು ಕೊಟ್ಟು ಏನು ಪ್ರಯೋಜನ?

ಬಣ್ಣದ ಕೊಕ್ಕರೆ ಇನ್ನೂ ಸ್ಪಷ್ಟ ಉದಾಹರಣೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಪಕ್ಕದ ಮರಗಳಲ್ಲೇ ಇವು, ಹೆಜ್ಜಾರ್ಲೆಗಳು (ಪೆಲಿಕನ್) ಗೂಡು ಕಟ್ಟುತ್ತವೆ, ಊರವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಊಟ ಮಾತ್ರ ಸುತ್ತಲಿನ ಕೆರೆ, ಹೊಳೆಗಳಲ್ಲಿ. ಬಣ್ಣದ ಕೊಕ್ಕರೆ ಕಣ್ಣಿನಿಂದ ಬೇಟೆ ಆಡುವುದಕ್ಕಿಂತ ಕೊಕ್ಕಿನಿಂದ ಆಡುವುದೇ ಜಾಸ್ತಿ. ಕೊಕ್ಕು ಅರ್ಧ ತೆರೆದು ನೀರಲ್ಲಿ ಇಟ್ಟು ಆಚೀಚೆ ಆಡಿಸುತ್ತಾ ನಡೆಯುತ್ತದೆ, ಮೀನು ತಾಗಿದರೆ ಪಟ್ ಅಂತ ಮುಚ್ಚುತ್ತದೆ. ಇದಕ್ಕೆ ನಿಂತು ನಡೆಯುವಷ್ಟೇ ಆಳ ಬೇಕು. ಕಾಲಿಗಿಂತ ಆಳದ ನೀರು ಎಷ್ಟಿದ್ದರೂ ಅದಕ್ಕೆ ಉಪವಾಸ. ಊರಿನ ಮರ ಉಳಿಸಿ ಸುತ್ತಲಿನ ಕೆರೆಗಳ ಹಿನ್ನೀರು ಅಗೆದರೆ ಮರ ಮಾತ್ರ ಉಳಿಯುತ್ತದೆ.

ಮನುಷ್ಯರಿಗೂ ಇಲ್ಲಿ ಪಾಲಿದೆ. ಒಂದೆಲಗ, ಹೊನಗೊನೆ ಸೊಪ್ಪು ಕುಯ್ಯಲು ಬರುವವರು ಯಾರು? ಹೊಲ ಇಲ್ಲದ ಮನೆಯ ಹೆಂಗಸರು. ಕೊರಮೀನು ಮರಿ ಮಾಡುವುದು ಗಿಡ ತುಂಬಿದ ಈ ತೆಳು ನೀರಿನಲ್ಲೇ. ಬೇಸಿಗೆಯಲ್ಲಿ ಊರಲ್ಲಿ ಎಲ್ಲೂ ಹಸಿರಿಲ್ಲದಾಗ ಕುರಿ, ದನ ಮೇಯುವುದೂ ಇಲ್ಲೇ. ಅಚ್ಚುಕಟ್ಟಿನಲ್ಲಿ ಜಮೀನು ಇಲ್ಲದವರಿಗೆ ಕೆರೆಯಿಂದ ಸಿಗುವುದೇ ಇಷ್ಟು. ಹೂಳೆತ್ತುವ ಸಭೆಯಲ್ಲಿ ಅವರ ದನಿ ಕೇಳುವುದಿಲ್ಲ.

ಕಾಡುಹಂದಿ ಕಾಟ ನಿಜ. ಆಪು ಇಡೀ ಕೆರೆಗೆ ಹಬ್ಬಿ ನೀರೇ ಕಾಣದ ಹಾಗೆ ಆಗುವುದೂ ನಿಜ, ಅದಾದರೆ ಹಕ್ಕಿಗೂ ಒಳ್ಳೆಯದಲ್ಲ. ಅದಕ್ಕೆ ಬೇಸಿಗೆಯಲ್ಲಿ ಸರದಿ ಮೇಲೆ ಅರ್ಧರ್ಧ ಕೊಯ್ಯಿಸಿ, ಚಾಪೆಗೋ ದನದ ಕೊಟ್ಟಿಗೆಗೋ ಆಗುತ್ತದೆ. ಕೊಯ್ಯುವುದು ಬೇರೆ, ಅಗೆಯುವುದು ಬೇರೆ. ಮಾಗಡಿಯ ರೈತರಿಗೆ ಬೆಳೆ ನಷ್ಟ ಆದರೆ ಪರಿಹಾರ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಕೆರೆ ಮನುಷ್ಯ ಕಟ್ಟಿದ್ದು, ಆದ್ದರಿಂದ ಜೌಗಿಗೆ ಬೆಲೆ ಇಲ್ಲ ಅನ್ನುವ ವಾದ ಸರ್ಕಾರದ ಕಾಗದದಲ್ಲೂ ಇದೆ. 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆ, ಕುಡಿಯುವ ನೀರಿಗೆ ಅಂತ ಕಟ್ಟಿದ ಕೆರೆಕಟ್ಟೆಗಳನ್ನು ಜೌಗು ಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ತಮಾಷೆ ಏನಂದರೆ, 2024ರಲ್ಲಿ ಕರ್ನಾಟಕದಿಂದ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಮೂರು ಜಾಗಗಳಲ್ಲಿ ಎರಡು ಇಂಥ ಕೆರೆಗಳೇ: ಮಾಗಡಿ ಕೆರೆ ಮತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಮಾಗಡಿಯಲ್ಲಿ 160ಕ್ಕೂ ಜಾಸ್ತಿ ಜಾತಿಯ ಹಕ್ಕಿಗಳು ದಾಖಲಾಗಿವೆ. ಜಗತ್ತಿನ ಪಟ್ಟಿಯಲ್ಲಿ ಜಾಗ ಸಿಗುವಂಥ ಕೆರೆಗಳು, ಅವುಗಳ ಪಕ್ಕದೂರಿನ ಅಂಥದ್ದೇ ಕೆರೆಗೆ ಮಾತ್ರ ಈ ನಿಯಮಗಳ ರಕ್ಷಣೆ ಇಲ್ಲ.

ಉಳಿದದ್ದು ಒತ್ತುವರಿ. ಪರ ವಾದದಲ್ಲಿ ನನಗೆ ನಿಜವಾಗಿ ತಲೆಬಿಸಿ ಮಾಡಿದ್ದು ಅದೊಂದೇ. ಆದರೆ ಕಳ್ಳ ಬರುತ್ತಾನೆ ಅಂತ ಜೌಗನ್ನೇ ಅಗೆಯುವುದಕ್ಕಿಂತ ಅಗ್ಗದ ದಾರಿ ಇದೆ. ಸರ್ವೆ ಮಾಡಿಸಿ, ಗಡಿಕಲ್ಲು ನೆಡಿಸಿ, ಗಡಿಗುಂಟ ಟ್ರೆಂಚ್ ಹೊಡೆಸಿ, ಹಳ್ಳ ಬರುವ ಕಡೆ ಮಾತ್ರ ಬಿಡಿ. ಹತ್ತು ಎಕರೆ ಅಗೆಯುವ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಸಾಕು. ಗ್ರಾಮಸಭೆಯಲ್ಲಿ ಹೂಳೆತ್ತುವ ವಿಷಯ ಬಂದಾಗ ನಕ್ಷೆ ಕೇಳಿ, ಎಲ್ಲಿಂದ ಎಲ್ಲಿವರೆಗೆ ಅಗೆಯುತ್ತಾರೆ ಅಂತ ಬೆರಳಿಟ್ಟು ತೋರಿಸಲಿ. ಗಡಿ ಟ್ರೆಂಚಿಗೆ, ಏರಿ ಬುಡದ ಹೂಳಿಗೆ ಜೆಸಿಬಿ ಬರಲಿ, ಬೇಡ ಅನ್ನುವವರು ಯಾರೂ ಇಲ್ಲ.